ರೊಟ್ಟಿ ಬಡಿಯಲೊಂದು ಕ್ವಾರ್ಟ್ಜ್ ಕಟ್ಟೆ

ಕಲ್ಲಿನ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂದು ನಾನು ಬಲವಾಗಿ ನಂಬಿದ್ದೆ. ಮೊದಲನೆಯದಾಗಿ, ನಾನು ಹುಟ್ಟಿದ್ದು ಕಲಬುರಗಿಯಲ್ಲಿ. ಇಲ್ಲಿ ಅಂಗಳಕ್ಕೂ ಕಲ್ಲು, ಗೋಡೆಗೂ ಕಲ್ಲು, ಬಚ್ಚಲಿಗೂ ಕಲ್ಲು. ಬೇಸಿಗೆಯ ಮಧ್ಯಾಹ್ನ ನಾವು ಅಂಗಿ ಬಿಚ್ಚಿ ಮೈಚಾಚುವುದೂ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆಯೇ. ಅದು ಸಾಲದೆಂಬಂತೆ ನಾನು ಕಾಲೇಜಿನಲ್ಲಿ ಭೂಗೋಳದ ಉಪನ್ಯಾಸಕ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಅರ್ಧ ಆಯುಷ್ಯ ಸೀಮೆಸುಣ್ಣದ ಪುಡಿಯಾಗಿದೆ. ಇಂಥವನಿಗೆ ಅಡುಗೆಮನೆಗೆ ಒಂದು ಕಲ್ಲು ಆರಿಸುವುದು ಎಷ್ಟರ ಕೆಲಸ? ಸಂಜೆ ಬರುವಾಗ ಒಂದು ಸಿವುಡು ಕೊತ್ತಂಬರಿ ತಂದ ಹಾಗೆ ತಂದುಬಿಡುತ್ತೇನೆ ಅಂದುಕೊಂಡಿದ್ದೆ!

ಈ ಕೆಲಸ ಹುಟ್ಟಿದ್ದು ನನ್ನ ಹೆಂಡತಿ ಜಗದೇವಿಯ ಮೊಣಕಾಲಿನಲ್ಲಿ. ಖೂಬಾ ಪ್ಲಾಟ್‌ನ ನಮ್ಮ ಮನೆಯ ಅಡುಗೆ ಕಟ್ಟೆಯನ್ನು ನನ್ನ ಅಪ್ಪ ಕಟ್ಟಿಸಿದ್ದು ಒಂದು ಸೀಮೆಎಣ್ಣೆ ಸ್ಟೋವಿಗಾಗಿ. ಈಗ ಅದರ ಮೇಲೆ ಗ್ಯಾಸ್ ಒಲೆ ಕೂತರೆ ಒಂದು ಲೋಟ ಇಡಲೂ ಜಾಗವಿಲ್ಲ. ಹೀಗಾಗಿ ಜಗದೇವಿ ಮದುವೆಯಾದಾಗಿನಿಂದ ನೆಲದ ಮೇಲೆ ಕಾಲು ಮಡಚಿ ಕೂತೇ ಜೋಳದ ರೊಟ್ಟಿ ಬಡಿದವಳು. ಈ ವರ್ಷ ಅವಳ ಮೊಣಕಾಲು ಮುಷ್ಕರ ಹೂಡಿತು. ಡಾಕ್ಟರು ನೋಡಿ, "ಅಮ್ಮಾ, ನೆಲಕ್ಕ ಕೂಡೂದು ಬಂದ್. ಮ್ಯಾಲ ಕೆಳಗ ಹತ್ತಿ ಇಳಿಯೂದೂ ಬಂದ್. ನಿಂತು ಏನು ಮಾಡ್ತೀರಿ ಮಾಡ್ರಿ" ಎಂದರು.

ಬೇರೆ ಯಾರಾದರೂ ಆಗಿದ್ದರೆ ಮಾತ್ರೆಯ ಬಗ್ಗೆ ಕೇಳುತ್ತಿದ್ದರು. ಜಗದೇವಿ ಕೇಳಿದ್ದು ಒಂದೇ ಮಾತು.

"ಹಂಗಾದ್ರ ರೊಟ್ಟಿ?"

"ಹೊರಗಿಂದ ತರಿಸ್ರಿ. ಈಗ ಎಲ್ಲಾ ಕಡೆ ಸಿಗ್ತಾವಲ್ಲ!"

ಆ ಡಾಕ್ಟರು ಒಳ್ಳೆಯವರು, ಆದರೆ ಅವರಿಗೆ ನನ್ನ ಹೆಂಡತಿಯ ತವರುಮನೆ ಗೊತ್ತಿರಲಿಲ್ಲ. ಅವಳು ಕಮಲಾಪುರದ ಗುಂಡಮ್ಮನವರ ಮಗಳು. ಗುಂಡಮ್ಮ ಎಂದರೆ ನನ್ನ ಅತ್ತೆ. ಅವರು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಇರುವವರ ಮೂಗು ಕಾಣುತ್ತದೆ ಎಂದು ಆ ಊರಲ್ಲಿ ಪ್ರತೀತಿ. ಆಸ್ಪತ್ರೆಯಿಂದ ಬಂದ ಜಗದೇವಿ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳಿದಳು: "ಕೊಂಡ ರೊಟ್ಟಿ ಈ ಮನ್ಯಾಗ ಬಂದ ದಿನ ನಾ ಕಮಲಾಪುರಕ್ಕ ಹೋಗ್ತೀನಿ. ನಿಂತು ಬಡಿಯೋವಂಥ ಕಟ್ಟಿ ಮಾಡಸ್ರಿ." ಅವಳು ನನ್ನ ಹೆಗಲಿಗಿಂತ ಕೆಳಗೆ ಬರುತ್ತಾಳೆ. ನಮ್ಮ ಮದುವೆಯ ಫೋಟೋದಲ್ಲಿ ಅವಳ ಕಾಲಕೆಳಗೊಂದು ಮಣೆ ಇದೆ, ಸೀರೆ ಅದನ್ನು ಮುಚ್ಚಿದೆ. ಆದರೆ ಅಪ್ಪಣೆ ಮಾತ್ರ ಯಾವಾಗಲೂ ಮೇಲಿನಿಂದಲೇ ಬರುತ್ತದೆ!

ಅವಳ ರೊಟ್ಟಿ ಇಲ್ಲದ ಊಟ ನನಗೂ ಊಟವಲ್ಲ. ಹೀಗೆ ಒಂದು ಜೋಡಿ ಮೊಣಕಾಲು, ಒಂದು ಹೊಟ್ಟೆ, ಒಂದು ಸಂಸಾರ, ಎಲ್ಲವೂ ಒಂದು ಕಲ್ಲಿನ ಮೇಲೆ ಬಂದು ಕೂತವು.

ಯಾವ ಕಲ್ಲು ಎಂಬುದನ್ನು ಪಕ್ಕದ ಮನೆಯ ಕುಲಕರ್ಣಿ ವೈನಿ ತೀರ್ಮಾನಿಸಿದರು. ಅವರ ಮನೆಯಲ್ಲಿ ಹೊಸದಾಗಿ ಕ್ವಾರ್ಟ್ಜ್ ಕಟ್ಟೆ ಹಾಕಿಸಿದ್ದರು. ಹಾಲಿನಂಥ ಬಿಳುಪು. "ಹಳದಿ ಬೀಳಲಿ, ಎಣ್ಣಿ ಬೀಳಲಿ, ಒಂದು ಸಲ ಒರೆಸಿದ್ರ ಝಾಲಂ, ಆತು! ಕನ್ನಡಿ ನೋಡ್ರಿ ಕನ್ನಡಿ" ಎಂದು ಅವರು ಸೆರಗಿನಿಂದ ಒರೆಸಿ ತೋರಿಸಿದರು. ಜಗದೇವಿ ಅದರಲ್ಲಿ ತನ್ನ ಮುಖ ನೋಡಿಕೊಂಡಳು. ಮುಗಿಯಿತು, ನಮ್ಮ ಮನೆಗೂ ಕ್ವಾರ್ಟ್ಜ್!

ಕ್ವಾರ್ಟ್ಜ್ ಎಂದರೆ ನನ್ನ ಪಾಠದ ಖನಿಜ. ನಾನು ಎದೆಯುಬ್ಬಿಸಿಕೊಂಡು ಒಬ್ಬನೇ ದರ್ಗಾ ಇರುವ ರೋಜಾ ಕಡೆ ಹೋಗುವ ರಸ್ತೆಯ ಇಕ್ಬಾಲ್ ಸೇಠರ ಕಲ್ಲಿನ ಅಂಗಡಿಗೆ ಹೋದೆ. ಆಳೆತ್ತರದ ಹಾಸುಗಲ್ಲುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಸೇಠರು ಚಹಾ ತರಿಸಿದರು. ಚಹಾ ಬರುವಷ್ಟರಲ್ಲಿ ನಾನು ಅವರಿಗೆ ಭೂಮಿಯ ಹುಟ್ಟು, ಶಿಲಾಪಾಕ ತಣ್ಣಗಾಗುವ ಬಗೆ, ಹರಳು ಕಟ್ಟುವ ಕ್ರಮ ಇಷ್ಟನ್ನು ಮುಗಿಸಿದ್ದೆ. ಅವರು ತಾಳ್ಮೆಯಿಂದ ಕೇಳಿ, ಗಡ್ಡ ನೀವಿಕೊಂಡು ಹೇಳಿದರು:

"ಸರ್, ನೀವು ಹೇಳಿದ್ದು ಸಬ್ ಸಹೀ ಅದ. ಮಗರ್ ಇದು ಭೂಮ್ಯಾಗಿಂದು ಅಲ್ರಿ, ಫ್ಯಾಕ್ಟ್ರಿ ಮಾಲ್. ಕಲ್ಲಿನ ಪುಡಿ, ಅದಕ್ಕ ಅಂಟು, ಮಷೀನ್‌ದಾಗ ಒತ್ತಿದ್ರ ಫರ್ಸಿ ತಯಾರ್!"

ನಾನು ಚಹಾದ ಲೋಟವನ್ನು ಕೆಳಗಿಟ್ಟೆ. ಈ ಶಿಲೆ ಬೆಂಕಿಯಲ್ಲಿ ಹುಟ್ಟಿರಲಿಲ್ಲ, ನೀರಿನಲ್ಲಿ ಪದರುಗಟ್ಟಿರಲಿಲ್ಲ. ಗುಜರಾತಿನಿಂದ ಲಾರಿಯಲ್ಲಿ ಬಂದಿತ್ತು! ನನ್ನ ಯಾವ ಪಾಠದಲ್ಲೂ ಇದಕ್ಕೆ ಜಾಗವಿರಲಿಲ್ಲ.

ಇಷ್ಟಕ್ಕೇ ಎದ್ದು ಬಂದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಉಪನ್ಯಾಸಕರಿಗೆ ಗಂಟೆ ಹೊಡೆಯದೆ ನಿಲ್ಲಿಸಿ ಗೊತ್ತಿಲ್ಲ. "ಅದಿರಲಿ, ಕಾಠಿಣ್ಯದ ಗುಣ ಬದಲಾಗೂದಿಲ್ಲ. ಕಬ್ಬಿಣದ ಕೀಲಿಯಿಂದ ಇದನ್ನ ಗೀರಾಕ ಆಗೂದಿಲ್ಲ. ನೋಡ್ರಿ ಬೇಕಾದ್ರ!" ಎಂದು ಸ್ಕೂಟರಿನ ಕೀಲಿ ತೆಗೆದು ಪಕ್ಕದಲ್ಲಿದ್ದ ಬಿಳಿಯ ಕಲ್ಲಿನ ಮೇಲೆ ಬಲವಾಗಿ ಎಳೆದೆ.

ಗೀರಿತು. ಚೆನ್ನಾಗಿಯೇ ಗೀರಿತು!

ಸೇಠರು ಕಣ್ಣು ಮುಚ್ಚಿಕೊಂಡರು. ಆಮೇಲೆ ಬಹಳ ಮೆತ್ತಗೆ, "ಸರ್, ಅದು ಕ್ವಾರ್ಟ್ಜ್ ಅಲ್ರಿ. ಮಾರ್ಬಲ್" ಎಂದರು.

ಗೀರಿದ ತಪ್ಪಿಗೆ ನಾನೇ ಕೊಂಡುಕೊಂಡ ಆ ಮಾರ್ಬಲ್ ಕಲ್ಲು ಈಗ ನಮ್ಮ ದೇವರ ಜಗುಲಿಯಾಗಿದೆ. ಮನೆಗೆ ತಂದ ದಿನ ಜಗದೇವಿ ಅದನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, "ಒಂದು ಕಲ್ಲು ನೋಡಾಕ ಹೋಗಿ ಇನ್ನೊಂದು ಕಲ್ಲಿಗಿ ಬರೆ ಹಾಕಿ ಬಂದ್ರಿ? ಇರಲಿ, ದೇವರು ಏನೂ ಅನ್ನೂದಿಲ್ಲ" ಎಂದು ಗೀರು ಬಿದ್ದ ಕಡೆಯನ್ನು ಗೋಡೆಗೆ ತಿರುಗಿಸಿ ಇಡಿಸಿದಳು.

ಸೇಠರು ಮಾತ್ರ ದೊಡ್ಡ ಮನಸ್ಸಿನವರು. ಕ್ವಾರ್ಟ್ಜ್‌ನ ನಮೂನೆ ತುಂಡುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಒಂದೊಂದೂ ಬಿಸ್ಕೀಟಿಗಿಂತ ತುಸು ದೊಡ್ಡದು. ಜಗದೇವಿ ಬಿಳಿ ತುಂಡನ್ನು ನಮ್ಮ ಅಲುಗಾಡುವ ಊಟದ ಮೇಜಿನ ಮೇಲಿಟ್ಟು, ನಿಂತುಕೊಂಡೇ, ನೆಲ್ಲಿಕಾಯಿಯಷ್ಟು ಹಿಟ್ಟಿನ ಉಂಡೆ ಮಾಡಿ ಬಡಿಯತೊಡಗಿದಳು. ಗುಬ್ಬಿ ತನ್ನ ಮಗಳ ಮದುವೆಗೆ ಹಾಕಿಸುವಂಥ ರೊಟ್ಟಿ! ಸ್ವಲ್ಪ ಹೊತ್ತಿಗೆ ಅವಳು ಬಡಿಯುವುದನ್ನು ನಿಲ್ಲಿಸಿ ಮೂಗನ್ನು ಕಲ್ಲಿನ ಹತ್ತಿರ ತಂದಳು.

"ರೊಟ್ಟಿ ಎಲ್ಲಿ ಹೋತು?"

ರೊಟ್ಟಿ ಅಲ್ಲೇ ಇತ್ತು. ಆದರೆ ಜೋಳದ ಹಿಟ್ಟು ಬಿಳಿ, ಕಲ್ಲೂ ಬಿಳಿ. ರೊಟ್ಟಿ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ಕನ್ನಡಕ ಹಾಕಿಕೊಂಡ ನನಗೂ ತಿಳಿಯಲಿಲ್ಲ. ಅವಳು ತುಂಡಿನ ಅಂಚು ದಾಟಿ ಮೇಜನ್ನೇ ಬಡಿಯುತ್ತಿದ್ದಳು. ಕುಲಕರ್ಣಿ ವೈನಿಯ ಮನೆಯಲ್ಲಿ ಇದು ಹೇಗೆ ನಡೆಯಿತು? ಅವರದು ಚಪಾತಿಯ ಮನೆ. ಚಪಾತಿಯನ್ನು ಲಟ್ಟಿಸುತ್ತಾರೆ, ಅದು ಎಂಥ ಕಲ್ಲಿನ ಮೇಲಾದರೂ ಹೇಳಿದ ಮಾತು ಕೇಳುತ್ತದೆ. ರೊಟ್ಟಿ ಹಾಗಲ್ಲ. ಅದು ಬಡಿತಕ್ಕೆ ತಾನೇ ತಿರುಗುತ್ತ ಬೆಳೆಯಬೇಕು, ಬಡಿಯುವವಳಿಗೆ ಅದರ ಅಂಚು ಕಾಣಬೇಕು. ಬಿಳಿ ಕಲ್ಲು ಅಲ್ಲಿಗೆ ವಜಾ ಆಯಿತು.

ಉಳಿದ ತುಂಡುಗಳ ವಿಚಾರಣೆ ಫೋನಿನಲ್ಲಿ ನಡೆಯಿತು. ಜಗದೇವಿ ಫೋನನ್ನು ಸ್ಪೀಕರಿಗೆ ಹಾಕಿ ಕಮಲಾಪುರಕ್ಕೆ ಹಚ್ಚಿದಳು.

"ಅವ್ವಾ, ಕಂದು ಕಲ್ಲಿಂದು ಕೇಳು" ಎಂದು ಬಡಿದಳು.

"ಇದೇನು ಸಪ್ಪಳ? ಮುದುಕ ಕೆಮ್ಮಿದಂಗ ಆತು" ಎಂದಿತು ಕಮಲಾಪುರ.

"ಬೂದಿ ಬಣ್ಣದ್ದು ಕೇಳು."

"ಇದು ಇನ್ನೊಬ್ಬ ಮುದುಕ."

ನಾನು ನಡುವೆ ಬಾಯಿ ಹಾಕಿದೆ. "ಅತ್ತಿಯವರ, ಕಲ್ಲಿನ ಸಪ್ಪಳಕ್ಕೂ ರೊಟ್ಟಿಗೂ ಏನು ಸಂಬಂಧರಿ?"

ಅತ್ತೆ ಆ ಕಡೆಯಿಂದ ಪಾಠ ಶುರು ಮಾಡಿದರು: "ಮಾಸ್ತರ್ರ, ಕಲ್ಲು ಗಟ್ಟಿ ಕುಂತಿದ್ರ ದನಿ ಕೊಡ್ತದ. ದನಿ ಕೊಟ್ರ ರೊಟ್ಟಿ ತಿರಗ್ತದ. ಪೊಳ್ಳು ಕಲ್ಲಿನ ಮ್ಯಾಲ ರೊಟ್ಟಿ ಅಂಚು ಒಡೀತದ. ಇಷ್ಟು ಓದೀರಿ, ಇದು ನಿಮ್ಮ ಪುಸ್ತಕದಾಗ ಇಲ್ಲೇನು?"

ಅವರ ತರ್ಕವನ್ನು ಮುರಿಯಲು ನಾನು ನನ್ನ ವಿಜ್ಞಾನವನ್ನೇ ಬಳಸಿದೆ. ಸಣ್ಣ ತುಂಡು ಯಾವತ್ತೂ ಸರಿಯಾಗಿ ದನಿ ಕೊಡುವುದಿಲ್ಲ, ದನಿ ಬೇಕಾದರೆ ಇಡೀ ಹಾಸುಗಲ್ಲೇ ಬೇಕು ಎಂದು ಘನವಾಗಿ ವಿವರಿಸಿದೆ. ಇದು ನನ್ನ ಎರಡನೆಯ ದೊಡ್ಡ ತಪ್ಪು.

"ಖರೇನ ಅದ" ಎಂದರು ಅತ್ತೆ. "ಹಂಗಾದ್ರ ಅಂಗಡ್ಯಾಗ ಇಡೀ ಕಲ್ಲಿನ ಮ್ಯಾಲ ಬಡಿದ ನೋಡಬೇಕು. ನಾ ಬರ್ತೀನಿ."

ಬಂದರು! ಕ್ರೂಸರ್ ಗಾಡಿಯಲ್ಲಿ ಬಂದರು. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ನನ್ನ ಹೆಂಡತಿಯ ತಮ್ಮ ಶಿವಲಿಂಗ ಹೆಗಲ ಮೇಲೆ ಕಮಲಾಪುರದ ಕೆಂಪು ಬಾಳೆಯ ಗೊನೆ ಹೊತ್ತಿದ್ದ. ಜೊತೆಗೆ ಒಂದು ಚೀಲ ಜೋಳದ ಹಿಟ್ಟು, ಹಿಟ್ಟು ನಾದುವ ಪರಾತ, ಮತ್ತು ಅವರ ಮನೆಯ ಕಬ್ಬಿಣದ ಹಂಚು. "ಹಂಚು ಯಾಕೋ?" ಎಂದು ಕೇಳಿದೆ. "ಅವ್ವ ಎಲ್ಲಿಗಿ ಹ್ವಾದ್ರೂ ಒಯ್ತಾಳ ಮಾಮಾ" ಎಂದ. ಅದು ನನಗೆ ಆಗ ಅರ್ಥವಾಗಲಿಲ್ಲ.

ಅದೇ ಗಾಡಿಯಲ್ಲಿ ಅಂಗಡಿಗೆ ಹೋದ ನಮ್ಮನ್ನು ಕಂಡ ಕೂಡಲೇ ಇಕ್ಬಾಲ್ ಸೇಠರು ಮೊದಲು ನನ್ನ ಕೈ ನೋಡಿದರು. ಕೀಲಿ ಇಲ್ಲ ಎಂದು ಖಾತ್ರಿಯಾದ ಮೇಲೆ ಕುರ್ಚಿ ಹಾಕಿಸಿದರು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎದುರಿಗೆ ಸಾಲಾಗಿ ನಿಂತ ಕಲ್ಲುಗಳನ್ನು ಹೆಣ್ಣು ನೋಡಲು ಬಂದ ಹಿರಿಯರ ಗಾಂಭೀರ್ಯದಲ್ಲಿ ನೋಡಿದರು.

"ಯಾ ಊರಿನ ಕಲ್ಲು?"

"ಗುಜರಾತ್ ಅಮ್ಮಾ."

"ಭಾಳ ದೂರ ಆತು. ಈ ಊರಾಗ ಮೊದಲ ಯಾರ ಮನಿಗ್ಯಾರ ಕೊಟ್ಟೀರೇನು?"

"ಭಾಳ ಮಂದಿಗಿ ಕೊಟ್ಟೀನಿ ಅಮ್ಮಾ!"

"ಅಲ್ಲಿ ಸುಖದಿಂದ ಅದಾವ? ಏನೂ ತಂಟೆ ತಕರಾರು ಬಂದಿಲ್ಲ?"

"ಅಲ್ಲಾ ಕೀ ಕಸಮ್, ಒಂದೂ ವಾಪಸ್ ಬಂದಿಲ್ರಿ!"

ಅತ್ತೆ ತಲೆಯಾಡಿಸಿದರು. ಕುಲದ ವಿಚಾರಣೆ ಮುಗಿದು ಗುಣಪರೀಕ್ಷೆ ಶುರುವಾಯಿತು. ನಿಂತ ಕಲ್ಲಿನ ಮೇಲೆ ರೊಟ್ಟಿ ಬಡಿಯಲಾಗುವುದಿಲ್ಲ. ಹಮಾಲರು ಒಂದು ಹಸಿರು ಛಾಯೆಯ ಹಾಸುಗಲ್ಲನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮಲಗಿಸಿದರು. ಅತ್ತೆ ಬಿಸಿನೀರು ಕೇಳಿ ಪಡೆದು, ಹಿಟ್ಟು ನಾದಿ, ಬಳೆ ಹಿಂದೆ ಸರಿಸಿ ಬಡಿದರು. ಕಿವಿಗೊಟ್ಟರು. "ಊಂಹೂಂ" ಎಂದರು.

"ಆತಲ್ಲ ಅಮ್ಮಾ, ಇನ್ನೊಂದು ತೋರಸ್ತೀನಿ" ಎಂದು ಸೇಠರು ಬಟ್ಟೆಯಿಂದ ಆ ರೊಟ್ಟಿಯನ್ನು ಒರೆಸಲು ಹೋದರು.

"ಏ ಏ ಏ! ಕೈ ತಗೀರಿ!" ಅತ್ತೆ ಎಷ್ಟು ಜೋರಾಗಿ ಕೂಗಿದರೆಂದರೆ ಹಮಾಲನೊಬ್ಬ ಹೆದರಿ ಕಲ್ಲು ಹಿಡಿದುಕೊಂಡ. "ಬಡಿದ ರೊಟ್ಟಿ ಚೆಲ್ತಾರೇನು? ಅನ್ನ ಅದು! ಬೇಯಿಸಬೇಕು."

ಹಂಚು ಯಾಕೆ ಬಂದಿತ್ತು ಎಂದು ನನಗೆ ಈಗ ಅರ್ಥವಾಯಿತು.

ಪಕ್ಕದ ಚಹಾದಂಗಡಿಯ ಒಲೆ ಬಂತು. ರೊಟ್ಟಿ ಬೆಂದಿತು, ಪೂರಿಯಂತೆ ಉಬ್ಬಿತು. ಬೆಂದ ರೊಟ್ಟಿಯನ್ನು ಯಾರಾದರೂ ತಿನ್ನಬೇಕಲ್ಲ? ಹಮಾಲರು ತಿಂದರು. ಎರಡನೆಯ ಕಲ್ಲು, ಎರಡನೆಯ ರೊಟ್ಟಿ, ಚಹಾದಂಗಡಿಯವನು ತಿಂದ. ಅತ್ತೆಯ ನಿಯಮ ಬಹಳ ಸರಳವಾಗಿತ್ತು: ಒಂದು ಕಲ್ಲಿಗೆ ಒಂದು ರೊಟ್ಟಿ ನ್ಯಾಯವಲ್ಲ, ಮೊದಲ ರೊಟ್ಟಿಗೆ ಕೈ ಪಳಗಿರುವುದಿಲ್ಲ, ಆದ್ದರಿಂದ ಹಲವು ಬಡಿಯಬೇಕು. ಮತ್ತು ಬಡಿದದ್ದನ್ನೆಲ್ಲ ಬೇಯಿಸಬೇಕು. ಜಗದೇವಿ ನಿಂತೇ ಬೇಯಿಸುತ್ತಿದ್ದಳು, ಶಿವಲಿಂಗ ಹತ್ತಿರದ ಖಾನಾವಳಿಯಿಂದ ಪುಂಡಿಪಲ್ಯ ತಂದ. "ರೊಟ್ಟಿ ಬರೇ ಹೆಂಗ ಕೊಡೂದು ಮಾಮಾ, ಛಲೋ ಕಾಣಸೂದಿಲ್ಲ" ಎಂಬುದು ಅವನ ವಾದ.

ಅದು ದರ್ಗಾಕ್ಕೆ ಹೋಗುವ ದಾರಿ. ದೂರದೂರದಿಂದ ಬಂದ ಯಾತ್ರಿಕರು ನಡೆದು ಹೋಗುತ್ತಿರುತ್ತಾರೆ. ರಸ್ತೆ ಬದಿಯಲ್ಲಿ ಒಬ್ಬ ಹಿರಿಯ ಹೆಂಗಸು ರೊಟ್ಟಿ ಬಡಿದು ಬಡಿದು ಕಂಡವರಿಗೆಲ್ಲ ಕೊಡುತ್ತಿರುವುದನ್ನು ನೋಡಿದರೆ ಅವರು ಏನು ತಿಳಿಯಬೇಕು? ಒಂದು ಕುಟುಂಬ ಬಂದು ಶಿಸ್ತಾಗಿ ಸಾಲು ನಿಂತಿತು. ಅವರನ್ನು ನೋಡಿ ಹಿಂದಿನವರು ನಿಂತರು. "ಲಂಗರ್ ಕಿಸ್ಕೀ ತರಫ್ ಸೇ ಹೈ ಭಾಯಿ?" ಎಂದು ಒಬ್ಬರು ನನ್ನನ್ನು ಕೇಳಿದರು. ಇನ್ನೊಂದು ಕಡೆಯಿಂದ ಬಂದ ಆಟೋದವರು, "ಯಾರದ್ರಿ ದಾಸೋಹ?" ಎಂದರು. ಅವರಿಬ್ಬರಿಗೂ ನಾನು ಇದು ಕಲ್ಲಿನ ಗುಣಪರೀಕ್ಷೆ ಎಂದು ವಿವರಿಸಲು ಹೋದೆ. ಅವರು ನನ್ನನ್ನು ಕನಿಕರದಿಂದ ನೋಡಿ ಸಾಲಿನಲ್ಲಿ ನಿಂತರು!

ಅಲ್ಲಿಂದ ಮುಂದೆ ಯಾವ ಕಲ್ಲನ್ನು ಪರೀಕ್ಷಿಸುತ್ತಿದ್ದೇವೆ ಎಂಬುದೇ ಎಲ್ಲರಿಗೂ ಮರೆತುಹೋಯಿತು. ಹಸಿದು ಬಂದವರನ್ನು ಕಂಡರೆ ಅತ್ತೆಗೆ ಕೈ ನಿಲ್ಲುವುದಿಲ್ಲ. ಇಕ್ಬಾಲ್ ಸೇಠರು ಮೊದಮೊದಲು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆಮೇಲೆ ಎದ್ದು ತೋಳು ಮಡಚಿ ತಾವೇ ಬಡಿಸಲು ನಿಂತರು. ನಾನು ಕೆಂಪು ಬಾಳೆಹಣ್ಣು ಹಂಚಿದೆ. ಬಾಳೆಹಣ್ಣು ತಿನ್ನುತ್ತ ಒಬ್ಬರು ಆ ಕಲ್ಲಿನ ದರ ವಿಚಾರಿಸಿ ಮುಂಗಡವನ್ನೇ ಕೊಟ್ಟುಬಿಟ್ಟರು. ಸೇಠರ ಮುಖ ಅರಳಿತು. "ಅಮ್ಮಾ, ನೀವು ನಾಳಿಗಿ ಭೀ ಬರ್ರಿ. ಹಿಟ್ಟು ನಂದು!"

ಚೀಲ ತಳ ಕಂಡಾಗ ಅತ್ತೆಯ ಕೈಯಡಿ ಇದ್ದದ್ದು ಒಂದು ಕಪ್ಪು ಕ್ವಾರ್ಟ್ಜ್ ಕಲ್ಲು. ಕೊನೆಯ ಉಂಡೆ ಬಡಿದರು. ಟಪ್ ಟಪ್ ಟಪ್ ಎಂದು ಕಲ್ಲು ಸ್ಪಷ್ಟವಾಗಿ ದನಿ ಕೊಟ್ಟಿತು. ಕಪ್ಪು ಕಲ್ಲಿನ ಮೇಲೆ ಬಿಳಿಯ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ ತಿರುಗಿತು. ಅತ್ತೆ ಮಗಳ ಕಡೆ ನೋಡಿದರು, ಮಗಳು ತಲೆಯಾಡಿಸಿದಳು.

"ಇದ ಆಗಲಿ."

ಶಿವಲಿಂಗ ಬಗ್ಗಿ ನೋಡಿ, "ಅವ್ವಾ, ಇಂಥವು ನಮ್ಮ ಹೊಲದ ಬದುವಿನ್ಯಾಗ ಬೇಕಾದಷ್ಟು ಬಿದ್ದಾವಲ್ಲ!" ಎಂದ. ಸೇಠರು ಬೇಗನೆ ರಸೀದಿ ಪುಸ್ತಕ ತೆಗೆದರು.

ಕಲ್ಲು ಗೊತ್ತಾಯಿತು. ಇನ್ನು ಹಳೆಯ ಕಟ್ಟೆ ಒಡೆದು ಹೊಸದು ಕೂರಿಸಬೇಕು. ಆ ಧೂಳಿನಲ್ಲಿ ಇರಬೇಡ ಎಂದು ಅತ್ತೆ ಮಗಳನ್ನು ಕಮಲಾಪುರಕ್ಕೆ ಕರೆದುಕೊಂಡು ಹೊರಟರು. ಕ್ರೂಸರ್ ಹತ್ತುವ ಮೊದಲು ಜಗದೇವಿ ನನ್ನ ಮುಖ ನೋಡಿ ಕೇಳಿದಳು: "ಕಲ್ಲು ನಾವು ಆರಿಸೇವಿ. ಕುಂದರಿಸೂದು ಒಂದ ನಿಮ್ಮ ಕೆಲಸ. ಆಗ್ತದಲ್ಲ?"

"ನೀ ಬೇಫಿಕರ್ ಹೋಗು" ಎಂದೆ. ಆ ಮಾತನ್ನು ನಾನು ಎಷ್ಟು ಧೈರ್ಯದಿಂದ ಹೇಳಿದ್ದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗೌಂಡಿ ಬಂದ. ಹಳೆಯ ಕಟ್ಟೆ ಒಡೆದ. ಹೊಸ ಕಟ್ಟೆಗೆ ಇಟ್ಟಿಗೆ ಕಟ್ಟುವಾಗ ನೂಲು ಹಿಡಿದುಕೊಂಡು, "ಸರ್, ಎತ್ತರ ಎಷ್ಟಿರಲಿರಿ? ಎಲ್ಲರಿಗೂ ಇಟ್ಟಂಗ ಇಟ್ಟ ಬಿಡಲೇನು?" ಎಂದ.

ಎಲ್ಲರಿಗೂ ಇಟ್ಟ ಹಾಗೆ ಇಡಲು ಇದೇನು ಎಲ್ಲರ ಕಟ್ಟೆಯೇ? ಇದು ರೊಟ್ಟಿಗಾಗಿಯೇ ಕಟ್ಟುತ್ತಿರುವ ಕಟ್ಟೆ! ಬೆನ್ನು ಬಾಗಬಾರದು, ಮೊಣಕೈ ಇಷ್ಟೇ ಮಡಚಿರಬೇಕು, ಅಂಗೈ ಸಹಜವಾಗಿ ಬೀಳಬೇಕು ಎಂದು ನಾನು ಅವನಿಗೆ ದೇಹದ ಭೂಗೋಳವನ್ನೇ ಬಿಡಿಸಿ ಹೇಳಿದೆ. ಹೇಳಿದರೆ ತಿಳಿಯದು ಎಂದು ಮಾಡಿಯೂ ತೋರಿಸಿದೆ. ಗೋಡೆಯ ಪಕ್ಕ ನೆಟ್ಟಗೆ ನಿಂತು, ಗಾಳಿಯಲ್ಲಿ ಒಂದು ಇಲ್ಲದ ರೊಟ್ಟಿಯನ್ನು ಶ್ರದ್ಧೆಯಿಂದ ಬಡಿದೆ. "ಹಾಂ, ಇಲ್ಲಿ! ನನ್ನ ಅಂಗೈ ಕೆಳಗ ಗೆರಿ ಎಳಿ!"

ಅವನು ಎಳೆದ. ನಾನು ಹೇಳಿದಂತೆಯೇ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಕಟ್ಟಿದ. ಕಪ್ಪು ಕಲ್ಲು ಕೂತಿತು. ನಾನು ದಿನಕ್ಕೆ ಹಲವು ಸಲ ಹೋಗಿ ಅದರ ಮುಂದೆ ನಿಂತು ಗಾಳಿಯ ರೊಟ್ಟಿ ಬಡಿದು ಬರುತ್ತಿದ್ದೆ. ಎಷ್ಟು ಹಿತವಾಗಿತ್ತು! ಬೆನ್ನಿಗೆ ಒಂದಿಷ್ಟೂ ನೋವಿಲ್ಲ. ನನ್ನ ಹೆಂಡತಿಯ ಬಗ್ಗೆ ಇಷ್ಟು ಯೋಚಿಸುವ ಗಂಡ ಇಡೀ ಖೂಬಾ ಪ್ಲಾಟ್‌ನಲ್ಲಿ ಇಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಗೃಹಪ್ರವೇಶಕ್ಕೆ ಕಮ್ಮಿಯಿಲ್ಲದ ಸಮಾರಂಭ ಇಟ್ಟುಕೊಂಡೆ. ಕಮಲಾಪುರದವರು ಬಂದರು, ಕುಲಕರ್ಣಿ ವೈನಿ ಬಂದರು. ಕಲ್ಲಿಗೆ ವಿಭೂತಿ, ಕುಂಕುಮ, ಮತ್ತೊಂದು ಕೆಂಪು ಬಾಳೆಯ ಗೊನೆ. ನಾನು ಅಡುಗೆಮನೆಯ ಬಾಗಿಲ ಪರದೆ ಸರಿಸಿ, "ಬಾ, ಬಡಿ!" ಎಂದು ಕೈ ಚಾಚಿದೆ.

ಜಗದೇವಿ ಕಟ್ಟೆಯ ಮುಂದೆ ಹೋಗಿ ನಿಂತಳು. ಕಟ್ಟೆ ಅವಳ ಎದೆಯ ಮಟ್ಟಕ್ಕಿತ್ತು!

ಅವಳು ಹಿಟ್ಟಿನ ಉಂಡೆ ಇಟ್ಟು, ಕೈಗಳನ್ನು ಮೇಲೆತ್ತಿ ಗುಡಿಯ ಗಂಟೆ ಬಾರಿಸುವವರ ಹಾಗೆ ಒಂದೆರಡು ಏಟು ಹಾಕಿದಳು. ಹಿಟ್ಟು ಅವಳ ಮೂಗಿಗೆ ಹಾರಿತು. ಮಗಳಿಗಿಂತ ಇನ್ನಷ್ಟು ಗಿಡ್ಡ ಇರುವ ಅತ್ತೆ ಪಕ್ಕದಲ್ಲಿ ತುದಿಗಾಲಲ್ಲಿ ನಿಂತು, "ಎಲ್ಲಿ ಅದ ರೊಟ್ಟಿ? ನನಗೇನೂ ಕಾಣವಲ್ದು" ಎಂದರು.

"ಯಾರ ಅಳತಿ ಕೊಟ್ರಿ?" ಜಗದೇವಿ ನನ್ನ ಕಡೆ ತಿರುಗಿದಳು. ಅವಳ ಮೂಗಿನ ತುದಿಯಲ್ಲಿ ಜೋಳದ ಹಿಟ್ಟಿತ್ತು, ಆದರೆ ಆ ಸಮಯದಲ್ಲಿ ನಗುವ ಧೈರ್ಯ ಯಾರಿಗೂ ಇರಲಿಲ್ಲ.

"ಅದು... ನೀ ಇರಲಿಲ್ಲಲ್ಲ. ನಾನಽ ನಿಂತಿದ್ದೆ."

"ಬಡಿಯಾಕಿ ನಾನು. ಅಳತಿ ನಿಮ್ಮದು!"

ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನದೋ, ದುಃಖದ್ದೋ ತಿಳಿಯಲಿಲ್ಲ. "ಕೂತು ಬಡಿಯಾಂಗಿಲ್ಲ, ನಿಂತು ಎಟಕೂದಿಲ್ಲ. ಇನ್ನ ಕೊಂಡ ರೊಟ್ಟೀನಽ ನನ್ನ ಹಣ್ಯಾಗ ಬರದದ" ಎಂದಳು. ನನಗೆ ಅಲ್ಲೇ ನೆಲದೊಳಗೆ ಇಳಿದುಬಿಡೋಣ ಅನಿಸಿತು. ಇಳಿದಿದ್ದರೆ ಎತ್ತರವಾದರೂ ಸರಿಹೋಗುತ್ತಿತ್ತು.

ಪರಿಹಾರಗಳು ಶುರುವಾದವು. ನಾನು ಓಡಿಹೋಗಿ ಮದುವೆ ಫೋಟೋದ ಹಳೆಯ ಮಣೆ ತಂದೆ. "ಡಾಕ್ಟರ್ ಹತ್ತಿ ಇಳಿಯೂದು ಬ್ಯಾಡ ಅಂದಾರ, ನೀವು ಮತ್ತ ಮಣಿ ಹತ್ತಸಾಕತ್ತೀರಿ!" ಎಂದು ಜಗದೇವಿ ಅದನ್ನು ಕಾಲಿನಿಂದ ಸರಿಸಿದಳು. ಕಟ್ಟೆ ತಗ್ಗಿಸೋಣ ಎಂದರೆ, ಅಂಟಿ ಕೂತ ಕಲ್ಲನ್ನು ಎತ್ತಿದರೆ ಒಡೆಯುತ್ತದೆ ಎಂದು ಗೌಂಡಿ ಫೋನಿನಲ್ಲೇ ಕೈ ಮುಗಿದ. "ನೆಲಾನಽ ಎತ್ತರ ಮಾಡ್ರಿ ಮಾಮಾ" ಎಂದ ಶಿವಲಿಂಗ. ಹಾಗೆ ಮಾಡಿದರೆ ಅಡುಗೆಮನೆಗೇ ಮೆಟ್ಟಿಲು ಹತ್ತಿ ಹೋಗಬೇಕು, ಮತ್ತು ನನ್ನ ತಲೆ ಬಾಗಿಲಿಗೆ ಬಡಿಯುತ್ತದೆ. "ಬಡಿಯಲಿ ಬಿಡ್ರಿ" ಎಂದರು ಕುಲಕರ್ಣಿ ವೈನಿ. ಅವರು ತಮಾಷೆಗೆ ಹೇಳಿದರೇ ಎಂಬುದು ಇನ್ನೂ ನನಗೆ ಖಚಿತವಿಲ್ಲ.

ಅತ್ತೆ ಒಂದು ಸಲ ಕಟ್ಟೆಯನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಅಂಗಡಿಯಲ್ಲಿ ಕಲ್ಲನ್ನು ನೋಡಿದ್ದ ಅದೇ ನೋಟ.

"ಮಾಸ್ತರ್ರ, ಹಿಂಗ ಬರ್ರಿ. ಕಟ್ಟಿ ಮುಂದ ನಿಂದರ್ರಿ."

ನಿಂತೆ.

"ಕೈ ಎತ್ತಿ ಬಡೀರಿ."

ಬಡಿದೆ. ಅಂಗೈ ಸಹಜವಾಗಿ ಬಿತ್ತು, ಮೊಣಕೈ ಇಷ್ಟೇ ಮಡಚಿತು, ಬೆನ್ನು ಬಾಗಲಿಲ್ಲ. ಕಲ್ಲು ಸ್ಪಷ್ಟವಾಗಿ ದನಿ ಕೊಟ್ಟಿತು. ಅತ್ತೆ ತೀರ್ಪು ಕೊಟ್ಟರು:

"ಕಟ್ಟಿ ಬರೋಬ್ಬರಿ ಅದ. ಬಡಿಯೋರು ಬದಲಾಗಬೇಕು, ಅಷ್ಟ!"

ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವನು ನಾನು. ಜಗದೇವಿ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ವಿದ್ಯಾರ್ಥಿಗಳು ನಕಾಶೆಯನ್ನು ಸರಿಯಾಗಿ ಬಿಡಿಸದಿದ್ದರೆ ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದವನು. ಈಗ ನನ್ನ ಕೈಯಿಂದ ಬರುವ ನಕಾಶೆಗಳಿಗೆ ಲೆಕ್ಕವಿಲ್ಲ. ಮೊದಲ ದಿನದ ರೊಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದು ನಮ್ಮ ಕಲಬುರಗಿ ಜಿಲ್ಲಾ ಅಲ್ಲೇನ್ರಿ ಮಾಸ್ತರ್ರ?" ಎಂದರು. ಅಷ್ಟರಲ್ಲಿ ಅಂಚು ಒಡೆದು ಒಂದು ತುಂಡು ಕೆಳಗೆ ಬಿತ್ತು. "ಅಯ್ಯ, ಕಮಲಾಪುರ ಬ್ಯಾರೆ ತಾಲೂಕಾ ಆಗಿ ಹೋತು" ಎಂದಳು ಜಗದೇವಿ. ಅವಳು ನಕ್ಕಳು. ಕಟ್ಟೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಒಂದು ರಾತ್ರಿ ಹಂಚಿನಿಂದ ಇಳಿಸಿದ ರೊಟ್ಟಿಯನ್ನು ನೇರವಾಗಿ ಅವಳ ತಟ್ಟೆಗೆ ಹಾಕಿದೆ. ಅವಳು ಮುರಿದು ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಬಾಯಿಗಿಟ್ಟಳು. ಆಮೇಲೆ ಮೆಲ್ಲಗೆ, "ನಮ್ಮ ಲಗ್ನ ಆದಾಗಿಂದ ಹಂಚಿನಿಂದ ಇಳಿದ ರೊಟ್ಟಿ ಹಂಗಽ ನನ್ನ ತಾಟಿಗಿ ಬಂದದ್ದು ಈಗಽ ನೋಡ್ರಿ. ನನಗ ಯಾವಾಗಲೂ ಕಡೀದು, ಆರಿದ್ದು" ಎಂದಳು. ದೂರಿ ಹೇಳಿದ್ದಲ್ಲ, ರುಚಿಯ ಬಗ್ಗೆ ಹೇಳಿದ್ದು. ಉತ್ತರವಾಗಿ ನಾನು ಏನಾದರೂ ದೊಡ್ಡ ಮಾತು ಆಡಬೇಕೆಂದು ನಿಂತಿದ್ದಾಗ ಹಂಚಿನ ಮೇಲಿದ್ದ ಮುಂದಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು!

ಮೊನ್ನೆ ಸಂಜೆ ಗೋಡೆಯಾಚೆಯಿಂದ ಕುಲಕರ್ಣಿ ವೈನಿ ಕೂಗಿ ಕೇಳಿದರು: "ಜಗದೇವಿ ಅವರ, ನಿಮ್ಮ ಅಡಿಗಿಮನಿ ಕೆಲಸ ಇನ್ನೂ ಮುಗಿದಿಲ್ಲೇನ್ರಿ? ದಿನಾ ಏನರೆ ಒಡಿಯೋ ಸಪ್ಪಳ ಬರ್ತದ!"

ಜಗದೇವಿ ಕುರ್ಚಿಯಿಂದ ಏಳದೆಯೇ ಉತ್ತರ ಕೊಟ್ಟಳು: "ಕೆಲಸ ಮುಗದದ್ರಿ ವೈನಿ. ಈಗ ಕೆಲಸದವರನ್ನ ತಯಾರು ಮಾಡಾಕತ್ತೀನಿ!"

ನಾನು ತಲೆ ತಗ್ಗಿಸಿ ಮುಂದಿನ ಉಂಡೆ ಎತ್ತಿಕೊಂಡೆ. ತಲೆಯಷ್ಟೇ ತಗ್ಗಿತು, ಕಟ್ಟೆಯ ಎತ್ತರ ಎಷ್ಟು ಚೆನ್ನಾಗಿದೆ ಎಂದರೆ ಬೆನ್ನು ಈಗಲೂ ಬಾಗುವುದಿಲ್ಲ.